ಹಸಿರು ಚುಕ್ಕಿಯ ಡಬ್ಬಿ

ಬ್ರೇಕ್ ತುಳಿದರೆ ಅದು ಕಾಲಿಗೆ ಎದುರು ನಿಲ್ಲಬೇಕು. ಆ ವಾರ ನನ್ನ ವ್ಯಾನಿನದು ನಿಲ್ಲುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ಕಾಲು ಒತ್ತಿಕೊಂಡೇ ಕೂತರೆ ಪೆಡಲ್ಲು ನಿಧಾನಕ್ಕೆ, ಸುಳ್ಳು ಹೇಳಿ ಸಿಕ್ಕಿಬಿದ್ದವನ ತಲೆಯ ಹಾಗೆ, ಕೆಳಕ್ಕೆ ಇಳಿಯುತ್ತಿತ್ತು. ಹಿಂದೆ ಕೂತ ಶಾಲೆಯ ಮಕ್ಕಳಿಗೆ ಇದೇನೂ ಗೊತ್ತಿಲ್ಲ. ಅವು ಕಿಟಕಿಗೆ ಉಸಿರು ಬಿಟ್ಟು, ಮಂಜಾದ ಗಾಜಿನ ಮೇಲೆ ಮೀಸೆ ಬರೆಯುತ್ತಿದ್ದವು. ಅವರಲ್ಲೊಬ್ಬಳು ನನ್ನ ಮಗಳು. ಉಳಿದವರೆಲ್ಲ ಬೆಳಿಗ್ಗೆ ಬಾಗಿಲಲ್ಲಿ ನಿಂತು "ಹುಷಾರಮ್ಮಾ" ಎಂದು ನನ್ನ ಕೈಗೆ ಒಪ್ಪಿಸುವವರ ಮಕ್ಕಳು.

ಗ್ಯಾರೇಜಿನವನ ಹತ್ತಿರ ಹೋದೆ. ಅವನನ್ನು ಎಲ್ಲರೂ ಸೈಲೆನ್ಸರ್ ಎನ್ನುತ್ತಾರೆ. ಮಾತು ಅಷ್ಟು ಕಡಿಮೆ. ಅವನು ಪೆಡಲ್ಲು ಒತ್ತಿ, ಮುಖ ಮೇಲೆತ್ತಿ, ಹಲ್ಲು ನೋವು ಬಂದವನಂತೆ ಕಣ್ಣು ಮುಚ್ಚಿದ.

"ಮಾಸ್ಟರ್ ಸಿಲಿಂಡರ್," ಅಂದ.

"ಏನಾಗಿದೆ ಅದಕ್ಕೆ?"

"ರಬ್ಬರ್."

ಪೆಡಲ್ಲಿನ ಹಿಂದೆ ಒಂದು ಕಬ್ಬಿಣದ ಕೊಳವೆ ಇರುತ್ತದೆ. ಅದರೊಳಗೆ ಪುಟ್ಟ ಬಟ್ಟಲಿನಂಥ ರಬ್ಬರ್ ಕಪ್ಪುಗಳು. ನಾವು ತುಳಿದಾಗ ಅವು ಎಣ್ಣೆಯನ್ನು ತಳ್ಳುತ್ತವೆ, ಎಣ್ಣೆ ಹೋಗಿ ಚಕ್ರವನ್ನು ಹಿಡಿಸುತ್ತದೆ. ರಬ್ಬರ್ ಸವೆದರೆ ಎಣ್ಣೆ ಪಕ್ಕದಿಂದ ನುಸುಳುತ್ತದೆ. ಇಷ್ಟೂ ನನಗೆ ಅಪ್ಪನಿಂದ ಗೊತ್ತು. ಅಪ್ಪ ಲಾರಿ ಓಡಿಸುತ್ತಿದ್ದವರು.

"ತರಿಸ್ತೀನಿ," ಅಂದ ಸೈಲೆನ್ಸರ್.

"ಎಲ್ಲಿಂದ?"

"ಬರುತ್ತೆ."

"ಎಲ್ಲಿಂದ ಬರುತ್ತೆ ಮಾರಾಯಾ, ಆಕಾಶದಿಂದಾನಾ?"

"ಮೊಬೈಲಿಂದ."

ನನಗೆ ಆಗಲೇ ಮನಸ್ಸು ಕಹಿಯಾಯಿತು. ಹೋದ ಸಲ ಅವನು ಹಾಕಿದ ವಾಟರ್ ಪಂಪು ಮಳೆಗಾಲ ಮುಗಿಯುವ ಮುಂಚೆಯೇ ಸೋರತೊಡಗಿತ್ತು. ಕೇಳಿದರೆ "ಪೀಸ್ ಸರಿ ಇರ್ಲಿಲ್ಲ" ಅಂದಿದ್ದ. ಪೀಸ್ ಸರಿ ಇರಲಿಲ್ಲವೋ, ಇವನೇ ಸರಿ ಇರಲಿಲ್ಲವೋ, ಯಾರು ಬಲ್ಲರು? ಮೊಬೈಲಿನಲ್ಲಿ ಬರುವ ಡಬ್ಬಿಗಳು ಫಳಫಳ ಹೊಳೆಯುತ್ತವೆ. ಒಳಗಿರುವುದು ಯಾವ ಶೆಡ್ಡಿನಲ್ಲಿ ಹುಟ್ಟಿದ್ದು ಎಂದು ಹೇಳುವವರು ಯಾರೂ ಇಲ್ಲ. ಪಂಪು ಸೋರಿದರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಇದು ಕೆಟ್ಟರೆ ಗಾಡಿ ನಿಲ್ಲುವುದಿಲ್ಲ.

"ನೀನು ತರಿಸಬೇಡ. ನಾನೇ ತರ್ತೀನಿ," ಅಂದೆ.

ಅವನು ಭುಜ ಕುಣಿಸಿ ಸ್ಪ್ಯಾನರ್ ಒರೆಸಿಕೊಂಡ.

ತರುತ್ತೇನೆ ಎಂದು ಹೊರಟವಳ ಕಾಲು ತಾನಾಗಿಯೇ ನಮ್ಮ ಹಳೆಯ ಬೀದಿಯ ಕಡೆಗೆ ಹೋಯಿತು. ಹೋಗಿ ನಿಂತದ್ದು ಮೊಬೈಲ್ ಕವರ್ ಮಾರುವ ಅಂಗಡಿಯ ಎದುರಿಗೆ. ಮೊಲದ ಕಿವಿಯ ಕವರುಗಳು ನೇತಾಡುತ್ತಿದ್ದ ಆ ಗೋಡೆಯ ತುಂಬ ಒಂದು ಕಾಲದಲ್ಲಿ ಫ್ಯಾನ್ ಬೆಲ್ಟುಗಳು ಹಾವಿನ ಪೊರೆಯ ಹಾಗೆ ಜೋತುಬಿದ್ದಿರುತ್ತಿದ್ದವು. ಅದು ಚುಕ್ಕಿ ಮಾಮನ ಅಂಗಡಿ. ಎದುರುಗಡೆ ಈಗ ಕೂದಲಿಗೆ ಬಣ್ಣ ಹಾಕುವ ಪಾರ್ಲರ್ ಇರುವಲ್ಲಿ ಮೊಳೆ ಅಜ್ಜಿಯ ಹಾರ್ಡ್‌ವೇರ್ ಅಂಗಡಿ ಇತ್ತು. ಎರಡಂಗಡಿಗೂ ಒಂದೇ ವಾಸನೆ: ಗ್ರೀಸು, ತುಕ್ಕು, ಗೋಣಿಯ ದಾರ. ಒಳಗೆ ಹೋಗಿ ಬಂದರೆ ಆ ವಾಸನೆ ಸಂಜೆಯವರೆಗೂ ಅಂಗಿಯಲ್ಲಿ ಉಳಿಯುತ್ತಿತ್ತು. "ಮತ್ತೆ ಅಪ್ಪನ ಜೊತೆ ಅಲ್ಲಿಗೆ ಹೋಗಿದ್ಯಾ?" ಎಂದು ಅಮ್ಮ ಮೂಗು ಮುರಿಯುತ್ತಿದ್ದಳು.

ಈಗ ನೆನೆದರೆ ನಗು ಬರುತ್ತದೆ. ಆ ಇಬ್ಬರೂ ಅಂಗಡಿಯಲ್ಲಿ ಕೂರುತ್ತಿದ್ದದ್ದು ಠಾಣೆಯಲ್ಲಿ ಕೂತ ಹಾಗೆ. ಮೊಳೆ ಅಜ್ಜಿಗೆ "ಒಂದು ಹಿಡಿ ಮೊಳೆ ಕೊಡಿ" ಅಂದರೆ ಸಾಕು, ವಿಚಾರಣೆ ಶುರು.

"ಯಾವ ಗೋಡೆಗೆ?"

"ನಮ್ಮನೆ ಗೋಡೆಗೆ ಅಜ್ಜಿ."

"ನಿಮ್ಮನೆ ಗೋಡೆಗಲ್ದೆ ಪಕ್ಕದ ಮನೆ ಗೋಡೆಗೆ ಹೊಡೀತೀಯಾ? ಇಟ್ಟಿಗೆನೋ ಮಣ್ಣೋ? ಏನು ನೇತು ಹಾಕ್ತೀಯ? ಕನ್ನಡೀನಾ? ಕನ್ನಡಿಗೆ ಇದು ಆಗಲ್ಲ, ನಡಿ, ಅಳತೆ ತಗೊಂಡು ಬಾ."

ಚುಕ್ಕಿ ಮಾಮನದು ಇನ್ನೊಂದು ಥರ. ಅವನಿಗೆ ಹಳೆಯದನ್ನು ತಂದು ಕಟ್ಟೆಯ ಮೇಲೆ ಇಡದೆ ಹೊಸದು ಸಿಗುತ್ತಿರಲಿಲ್ಲ. ಯಾರೇ ಆಗಲಿ, ಎಷ್ಟೇ ಅವಸರವಿರಲಿ, "ಹಳೇದು ತಾ." ತಂದದ್ದನ್ನು ತಿರುಗಿಸಿ ಮುರುಗಿಸಿ ನೋಡಿ, ಎಲ್ಲಿ ಸವೆದಿದೆ, ಯಾಕೆ ಸವೆದಿದೆ ಎಂದು ಕೇಳಿ, ಆಮೇಲೆ ಹೊಸದಕ್ಕೆ ಕೈ ಹಾಕುವುದು. ಬೇರಿಂಗನ್ನು ಕಲ್ಲಿನ ಕಟ್ಟೆಯ ಮೇಲೆ ಉರುಳಿಸಿ ಕಿವಿಗೊಡುವನು. ರಬ್ಬರನ್ನು ಮೂಸುವನು, ಉಗುರು ಊರುವನು. ಕಂಪನಿಯಿಂದ ಬಂದ ಪ್ರತಿ ಡಬ್ಬಿಯನ್ನೂ ಹೀಗೆ ಪರೀಕ್ಷೆ ಮಾಡಿ, ಪಾಸಾದದ್ದರ ಮುಚ್ಚಳದ ಮೇಲೆ ಹಸಿರು ಬಣ್ಣದ ಒಂದು ಚುಕ್ಕಿ ಇಡುತ್ತಿದ್ದ. ಫೇಲಾದದ್ದು ತಂದವನ ಕೈಗೇ ವಾಪಸು. "ಇವನಿಗೆ ಹೆತ್ತ ತಾಯಿ ಮೇಲೂ ಅನುಮಾನ," ಎಂದು ಲಾರಿಯವರು ಹಿಂದೆ ಆಡಿಕೊಳ್ಳುತ್ತಿದ್ದರು. ಆದರೆ ಚುಕ್ಕಿ ಇದ್ದ ಡಬ್ಬಿಯನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ಅಪ್ಪನಂತೂ ಜೇಬಿಗೆ ಹಾಕಿಕೊಂಡು ಸೀಟಿ ಹೊಡೆಯುತ್ತ ಹೊರಡುತ್ತಿದ್ದರು.

ಮೊಬೈಲ್ ಕವರಿನ ಹುಡುಗಿಯನ್ನು ಕೇಳಿದೆ. ಅವಳಿಗೆ ಇಲ್ಲಿ ಏನಿತ್ತೆಂದೇ ಗೊತ್ತಿಲ್ಲ. "ಆಂಟೀ, ನಿಮ್ಮ ಫೋನ್ ಯಾವ್ದು ಹೇಳಿ," ಅಂದಳು. ಪಕ್ಕದ ಟೈಲರ್ ಮಾತ್ರ ಸೂಜಿಯನ್ನು ಬಾಯಿಂದ ತೆಗೆದು, ಅಜ್ಜಿ ಹೋಗಿ ಕಾಲವಾಯಿತು, ಮಾಮ ಇದ್ದಾನೆ, ಮಗಳ ಮನೆಯಲ್ಲಿ, ನೀರಿನ ಟ್ಯಾಂಕಿನ ಹಿಂದೆ ಅಂದ. "ಅಂಗಡಿ ಮಾಲನ್ನೂ ಹೊತ್ಕೊಂಡು ಹೋದ. ಗುಜರಿಯವರು ಕಾಲಿಗೆ ಬಿದ್ರೂ ಕೊಡಲಿಲ್ಲ. ಅದರ ಮೇಲೇ ಮಲಗ್ತಾನಂತೆ."

ಎದೆ ಹಗುರಾಯಿತು. ನನ್ನ ವ್ಯಾನು ಹಳೆಯ ಕಾಲದ್ದು. ಅದರ ಸಾಮಾನು ಇರುವುದೇ ಆದರೆ ಮಾಮನ ಹತ್ತಿರ ಇರಲೇಬೇಕು.

ಬಾಗಿಲು ತೆರೆದದ್ದು ಮಾಮನ ಮಗಳು. ಅರ್ಧ ಬಾಗಿಲು ಮಾತ್ರ.

"ಗುಜರಿಯವರಾ?"

"ಅಲ್ಲಮ್ಮ, ಲಾರಿಯವರ ಮಗಳು. ಮಾಮಂಗೆ ಗೊತ್ತು."

"ಹೋದ ತಿಂಗಳು ಬಂದೋರೂ ಹಂಗೇ ಅಂದ್ರು," ಅಂದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೈಯಲ್ಲಿ ಚೀಲವಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಒಳಗೆ ಬಿಟ್ಟಳು.

ಮುಂದಿನ ಕೋಣೆಯ ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಡಬ್ಬಿಗಳು. ನಡುವೆ ಒಂದು ಮಂಚ, ಮಂಚದ ಮೇಲೆ ಮಾಮ. ಕುಗ್ಗಿದ್ದಾನೆ, ಕಣ್ಣು ಮಾತ್ರ ಹಾಗೇ ಇದೆ. ತೊಡೆಯ ಮೇಲೆ ಒಂದು ತಟ್ಟೆ, ತಟ್ಟೆಯಲ್ಲಿ ದೊಡ್ಡ ಕತ್ತರಿ, ಕಪ್ಪು ಚೂರುಗಳು. ವಯಸ್ಸಾದವರು ಹೊತ್ತು ಕಳೆಯಲು ಏನೇನೋ ಮಾಡುತ್ತಾರೆ ಎಂದುಕೊಂಡೆ. ಗೋಡೆಯ ಮೇಲಿನ ಡಬ್ಬಿಗಳಲ್ಲಿ ಎಷ್ಟೋ ತಲೆಕೆಳಗಾಗಿದ್ದವು, ಅಕ್ಷರವೆಲ್ಲ ಬುಡಮೇಲು. ಅಂಗಡಿಯಲ್ಲಿದ್ದಾಗ ಒಂದು ಡಬ್ಬಿ ಓರೆಯಾದರೆ ಎದ್ದು ಹೋಗಿ ನೆಟ್ಟಗೆ ಮಾಡುತ್ತಿದ್ದ ಮನುಷ್ಯ. ಅದನ್ನು ನೋಡಿ ಪಾಪ ಅನ್ನಿಸಿತು.

ಗುರುತು ಹಿಡಿದ. ಅಪ್ಪನ ಲಾರಿಯ ಹಾರ್ನನ್ನು ಬಾಯಲ್ಲೇ ಕೂಗಿ ತೋರಿಸಿದ. ನಾನು ಮಾಸ್ಟರ್ ಸಿಲಿಂಡರಿನ ರಬ್ಬರು ಕೇಳಿದ ಕೂಡಲೇ ಅವನ ಮುಖ ಬಿಗಿಯಿತು.

"ಹಳೇದು ತಾ."

"ಅದು ಗಾಡೀಲೇ ಇದೆ ಮಾಮ. ತೆಗೆದ್ರೆ ಗಾಡಿ ಓಡಲ್ಲ, ಮಕ್ಕಳ ಟ್ರಿಪ್ಪು ನಿಂತುಹೋಗುತ್ತೆ."

"ಹಾಗಾದ್ರೆ ಇಲ್ಲ."

"ಅಯ್ಯೋ ಮಾಮ, ಹೊಸದು ಕೊಡು, ನಾಳೆ ಹಳೇದು ತಂದಿಡ್ತೀನಿ."

"ಇಲ್ಲ ಅಂದ್ನಲ್ಲ. ಕೊಡೋ ಅಂಥದ್ದು ನನ್ನ ಹತ್ರ ಏನೂ ಇಲ್ಲ."

ಬೆನ್ನ ಹಿಂದೆ ಗೋಡೆ ತುಂಬ ಇಟ್ಟುಕೊಂಡು ಏನೂ ಇಲ್ಲ ಅನ್ನುತ್ತಾನಲ್ಲ! ನನಗೆ ಸಿಟ್ಟು ಬಂತು. ಟೈಲರ್ ಹೇಳಿದ್ದು ನಿಜವೇ ಇರಬೇಕು. ಮುದುಕನಿಗೆ ಜಿಪುಣತನ ಅಂಟಿಕೊಂಡಿದೆ. ಅಥವಾ ಯಾರಿಗೋ ಒಟ್ಟಿಗೆ ಕೊಡುವುದಾಗಿ ಮಾತಾಗಿದೆ. ಎದ್ದು ಬಂದೆ.

ಗೇಟಿನ ಹತ್ತಿರ ಮಗಳು ಹಿಂದಿನಿಂದ ಓಡಿ ಬಂದಳು. ಸೆರಗಿನೊಳಗೆ ಕೈ. "ನಿಮ್ಮ ಗಾಡಿ ಯಾವುದು ಅಂದ್ರಿ? ಇದೇನಾ ನೋಡಿ." ಡಬ್ಬಿಯ ಮೇಲೆ ನನ್ನ ವ್ಯಾನಿನ ಹೆಸರು. ಮುಚ್ಚಳದ ಮೂಲೆಯಲ್ಲಿ ಹಸಿರು ಚುಕ್ಕಿ, ಸ್ವಲ್ಪ ಮಾಸಿದ್ದು. "ಅಪ್ಪ ಬಚ್ಚಲಿಗೆ ಹೋದಾಗ ತೆಗೆದೆ. ಹೇಳ್ಬೇಡಿ ಮತ್ತೆ. ನಾನು ಕದ್ದು ಮಾರ್ತೀನಿ ಅಂತ ಮೊದಲೇ ನನ್ನ ಮೇಲೆ ಕಣ್ಣು."

"ಎಷ್ಟಮ್ಮ ಇದಕ್ಕೆ?"

"ಒಂದು ಡಬ್ಬಿ ಕಡಿಮೆ ಆದ್ರೆ ಅದೇ ಲಾಭ. ನನ್ನ ಮಕ್ಕಳು ಅಡುಗೆಮನೇಲಿ ಕೂತು ಓದ್ತಾವೆ, ಈ ಡಬ್ಬಿಗಳಿಗೆ ಕಿಟಕಿ ಇರೋ ಕೋಣೆ."

ನಾನೂ ಅಪ್ಪನ ಹಾಗೆ ತೆರೆದು ನೋಡಲಿಲ್ಲ. ಜೇಬಿರಲಿಲ್ಲ, ರವಿಕೆಯೊಳಗೆ ಸಿಕ್ಕಿಸಿಕೊಂಡೆ.

ಸೈಲೆನ್ಸರ್ ಮಾತ್ರ ತೆರೆದು ನೋಡಿದ. ಮೂಸಿದ. ಹೆಬ್ಬೆರಳಿನ ಉಗುರು ಊರಿದ.

"ಬೇಡ," ಅಂದ.

"ಯಾಕೆ? ನಿನ್ನ ಮೊಬೈಲಿಂದ ಬಂದಿಲ್ಲ ಅಂತಾನಾ?"

ಅವನು ರಬ್ಬರನ್ನು ಡಬ್ಬಿಗೆ ವಾಪಸು ಹಾಕಿದ.

"ಚುಕ್ಕಿ ಇದೆ ನೋಡು."

"ಕಂಡೆ."

"ಕಂಡ್ಯಲ್ಲ, ಹಾಕು. ಬಿಚ್ಚಿದ ಹಳೇ ರಬ್ಬರು ನನಗೆ ವಾಪಸ್ ಬೇಕು. ಎಸೀಬೇಡ."

ಅವನು ನನ್ನ ಮುಖವನ್ನೇ ನೋಡಿದ. ಡಬ್ಬಿ ಮುಚ್ಚಿ ಶರ್ಟಿನ ಜೇಬಿಗೆ ಹಾಕಿಕೊಂಡ. ತರಿಸಿದ ಸಾಮಾನಿನಲ್ಲಿ ಇವನಿಗೂ ಏನಾದರೂ ಗಿಟ್ಟುತ್ತಿರಬೇಕು, ಅದು ತಪ್ಪಿತೆಂದು ಮುಖ ಹುಳಿಯಾಗಿದೆ ಎಂದು ನನಗೆ ಒಳಗೊಳಗೇ ಖುಷಿ. ಪಕ್ಕದಲ್ಲಿ ನಿಂತು ನೋಡುವಷ್ಟು ಪುರಸೊತ್ತಿರಲಿಲ್ಲ. ಎರಡು ಟ್ರಿಪ್ಪಿನ ನಡುವೆ ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಇಸ್ತ್ರಿ ಮಾಡುತ್ತೇನೆ. ಅಲ್ಲಿ ತಡವಾದರೆ ಮೇಲ್ವಿಚಾರಕಿ ಗಡಿಯಾರವನ್ನು ನೋಡುತ್ತಾಳೆ, ನನ್ನನ್ನು ನೋಡುವುದಿಲ್ಲ.

ಮಧ್ಯಾಹ್ನದ ಟ್ರಿಪ್ಪಿನ ಹೊತ್ತಿಗೆ ಗಾಡಿ ಸಿದ್ಧವಾಗಿತ್ತು. ಪೆಡಲ್ಲು ಕಲ್ಲಿನ ಹಾಗೆ. ಕಾಗದದಲ್ಲಿ ಸುತ್ತಿದ ಹಳೆಯ ರಬ್ಬರನ್ನು ಸೈಲೆನ್ಸರ್ ಕೈಗಿಟ್ಟ. "ನೋಡಿದ್ಯಾ ಮಾಮನ ಮಾಲು!" ಅಂದೆ. ಅವನು ಸ್ಪ್ಯಾನರುಗಳನ್ನು ಡಬ್ಬಕ್ಕೆ ತುಂಬತೊಡಗಿದ.

ಆ ಮಧ್ಯಾಹ್ನದ ಟ್ರಿಪ್ಪೂ ಮರುದಿನ ಬೆಳಿಗ್ಗೆಯ ಟ್ರಿಪ್ಪೂ ಬೆಣ್ಣೆಯಂತೆ ಹೋದವು. ಇಸ್ತ್ರಿ ಕೆಲಸ ಹೆಚ್ಚಿರುವ ದಿನ ಮಧ್ಯಾಹ್ನ ಮಕ್ಕಳನ್ನು ಕರೆತರಲು ನನ್ನ ಮೈದುನ ಹೋಗುತ್ತಾನೆ. ಅಂದು ಅವನಿಗೆ ಕೀಲಿ ಕೊಟ್ಟಿದ್ದೆ. ಆದರೆ ಕೆಲಸ ಬೇಗ ಮುಗಿಯಿತು. ಚೀಲದಲ್ಲಿದ್ದ ಹಳೆಯ ರಬ್ಬರು ನೆನಪಾಯಿತು. ಹಳೆಯದು ಕೊಡದೆ ಹೊಸದು ಒಯ್ದದ್ದು ಮನಸ್ಸಿಗೆ ಚುಚ್ಚುತ್ತಿತ್ತು, ಅದು ನಿಜ. ಅದಕ್ಕಿಂತ ಹೆಚ್ಚಾಗಿ ಇನ್ನೊಂದಿತ್ತು: ಸೈಲೆನ್ಸರ್ ಕೊಟ್ಟದ್ದು ನನ್ನ ವ್ಯಾನಿನ ರಬ್ಬರೇನಾ, ಇಲ್ಲ ಇನ್ಯಾವುದೋ ಗಾಡಿಯ ಕಸವಾ? ಅದನ್ನು ಹೇಳಬಲ್ಲವನು ಮಾಮ ಒಬ್ಬನೇ.

ಮಾಮ ರಬ್ಬರನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ.

"ನಿನ್ನ ಗಾಡಿದೇ. ಕಾಲು ಪೆಡಲ್ಲಿನ ಮೇಲೇ ಇಟ್ಕೊಂಡು ಓಡಿಸ್ತೀಯಾ ನೀನು. ನಿಮ್ಮಪ್ಪನದೂ ಅದೇ ಚಾಳಿ." ತಟ್ಟೆಯಲ್ಲಿಟ್ಟ. "ಹೊಸದು ಎಲ್ಲಿಂದು ಹಾಕಿಸ್ದೆ?"

ನಾನು ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿದೆ. ಅವಳು ನೆಲ ನೋಡಿದಳು. ಅಷ್ಟೇ ಸಾಕಾಯಿತು. ಮಾಮ ಮಂಚದಿಂದ ಇಳಿದು, ಗೋಡೆ ಹಿಡಿದುಕೊಂಡು ಹೋಗಿ, ಸಾಲಿನಲ್ಲಿದ್ದ ತೆರಪಿನಲ್ಲಿ ಕೈಯಿಟ್ಟ.

"ಇಲ್ಲಿದ್ದದ್ದಾ?"

"ಹೂಂ ಅಪ್ಪಾ. ಚುಕ್ಕಿ ಇತ್ತಲ್ಲ..."

"ಚುಕ್ಕಿ ಇಟ್ಟಿದ್ದು ಬಂದ ದಿನ. ಆಗ ಪಾಸು. ರಬ್ಬರು ಡಬ್ಬಿಯೊಳಗೆ ಕೂತ್ಕೊಂಡೇ ಸಾಯುತ್ತಮ್ಮಾ. ಸತ್ತಿದ್ದನ್ನೆಲ್ಲ ನಾನು ತಲೆಕೆಳಗೆ ಮಾಡಿ ಇಟ್ಟಿದೀನಿ. ಇದು ಹೇಗಿತ್ತು ಹೇಳು, ನೆಟ್ಟಗಾ, ತಲೆಕೆಳಗಾ?"

ಮಗಳು ಡಬ್ಬಿಗಳ ಕಡೆ ನೋಡಿದಳು. ಆ ಸಾಲಿನಲ್ಲಿ ಒಂದೂ ನೆಟ್ಟಗಿರಲಿಲ್ಲ.

"ಯಾಕೆ ಹೇಳಿಲ್ಲ ನಂಗೆ?" ಅಂದಳು.

"ಹೇಳಿದ್ರೆ ನೀನು ಗುಜರಿಯವನಿಗೆ ಹಾಕ್ತಿದ್ದೆ. ಅವನು ಎಣ್ಣೆ ಸವರಿ ಹೊಸ ಡಬ್ಬೀಲಿ ತುಂಬ್ತಿದ್ದ. ಯಾವನೋ ಬಡಪಾಯಿ ಹಾಕ್ಕೊಂಡು ಘಾಟಿ ಇಳೀತಿದ್ದ. ಅದಕ್ಕೇ ದಿನಾ ಕೂತು ಕತ್ತರಿಸ್ತಿದೀನಿ. ಕೈಗೆ ಬಲ ಇಲ್ಲ, ಬೇಗ ಮುಗೀತಿಲ್ಲ." ನನ್ನ ಕಡೆ ತಿರುಗಿದ. "ಏನೂ ಇಲ್ಲ ಅಂದ್ನಲ್ಲ ನಿಂಗೆ. ಕಿವಿ ಎಲ್ಲಿಟ್ಟಿದ್ದೆ? ಗಾಡಿ ಎಲ್ಲಿ ಈಗ?"

ಗಾಡಿ ಮೈದುನನ ಕೈಯಲ್ಲಿತ್ತು. ಫೋನ್ ಮಾಡಿದೆ. ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಎತ್ತಬೇಡ ಎಂದು ಅವನಿಗೆ ತಾಕೀತು ಮಾಡಿದವಳು ನಾನೇ. ಸೈಲೆನ್ಸರನಿಗೆ ಮಾಡಿದೆ. ಸುತ್ತಿಗೆಯ ಸದ್ದಿನ ನಡುವೆ ಕಿರುಚಿದೆ: ಆ ರಬ್ಬರು ಸತ್ತಿದೆಯಂತೆ, ಶಾಲೆಯ ಹತ್ತಿರ ಬಾ. "ಬರ್ತೀನಿ," ಅಂದ, ಇಟ್ಟ.

"ನಡೀರಿ," ಅಂದಳು ಮಾಮನ ಮಗಳು. ಮೊನ್ನೆ ಅರ್ಧ ಬಾಗಿಲಿನಿಂದ ನನ್ನನ್ನು ಅಳೆದವಳು ಈಗ ಬರಿಗಾಲಲ್ಲೇ ಸ್ಕೂಟರ್ ತೆಗೆದಳು. ಹಿಂದೆ ಕೂತು ನಾನು ಅವಳ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ, ಆಮೇಲೆ ಅಲ್ಲಿ ನನ್ನ ಬೆರಳುಗಳ ಗುರುತು ಬಿದ್ದಿತ್ತಂತೆ. ಪ್ರತಿ ತಿರುವಿನಲ್ಲೂ ಮೊದಲು ಗಾಜಿನ ಚೂರು ಹುಡುಕಿದೆ, ಆಮೇಲೆ ಜನರ ಗುಂಪು.

ವ್ಯಾನು ಶಾಲೆಯ ಗೇಟಿನ ಪಕ್ಕ ನೆಟ್ಟಗೆ ನಿಂತಿತ್ತು. ಮೈದುನ ಬಾನೆಟ್ಟಿಗೆ ಒರಗಿ ಹಣ್ಣು ತಿನ್ನುತ್ತಿದ್ದ. ಮಕ್ಕಳು ಆಗಲೇ ಬ್ಯಾಗು ಎಸೆದು ಹತ್ತಿ ಕೂತಿದ್ದವು.

"ಇಳೀರಿ. ಎಲ್ಲಾರೂ ಇಳೀರಿ!"

"ಏನಾಯ್ತು ಅತ್ತಿಗೆ? ಬ್ರೇಕ್ ಸಖತ್ತಾಗಿದೆ. ಒಂದು ನಾಯಿ ಅಡ್ಡ ಬಂತು, ಟಕ್ ಅಂತ ನಿಲ್ತು."

"ನೀನು ಬಾಯಿ ಮುಚ್ಚಿ ಕೀಲಿ ಕೊಡು."

ಮಕ್ಕಳು ಗೊಣಗುತ್ತ ಇಳಿದು ಶಾಲೆಯ ಗೋಡೆಯ ಮೇಲೆ ಸಾಲಾಗಿ ಕೂತವು. ಅಷ್ಟರಲ್ಲಿ ಸೈಲೆನ್ಸರ್ ಮೊಪೆಡ್ಡಿನಲ್ಲಿ ಬಂದ. ಇಳಿದವನೇ ಶರ್ಟಿನ ಜೇಬಿಗೆ ಕೈಹಾಕಿ ಡಬ್ಬಿ ತೆಗೆದು ನನ್ನ ಕೈಗಿಟ್ಟ. ಹಸಿರು ಚುಕ್ಕಿಯ ಡಬ್ಬಿ. ತೆರೆದೆ. ರಬ್ಬರು ಒಳಗೇ ಇತ್ತು. ಅಂಚಿನಲ್ಲಿ ಕೂದಲೆಳೆಯಷ್ಟು ತೆಳುವಾದ ಬಿರುಕುಗಳು.

"ಇದನ್ನ ಹಾಕಿಲ್ಲ," ಅಂದ.

"ಮತ್ತೆ?"

"ಹೊಸದು ಹಾಕಿದೀನಿ. ಇನ್ನೊಬ್ಬರಿಗೆ ಅಂತ ತರಿಸಿದ್ದು ಇತ್ತು."

"ನಂಗೆ ಯಾಕೆ ಹೇಳಿಲ್ಲ?"

"ಬೇಡ ಅಂದ್ನಲ್ಲ."

"ಬೇಡ ಅಂದ್ರೆ ಸಾಕಾ? ಯಾಕೆ ಅಂತ ಹೇಳೋದಲ್ವಾ?"

"ಹೇಳಿದ್ರೆ ನಂಬ್ತಿದ್ರಾ?"

ಅವನ ಬಾಯಿಂದ ಒಂದೇ ದಿನ ಇಷ್ಟು ಮಾತು ನಾನು ಕೇಳಿದ್ದೇ ಇಲ್ಲ. ಮಾಮನ ಮಗಳು ಸ್ಕೂಟರಿನ ಮೇಲೆ ಕುಸಿದು ಕೂತು ಮುಖ ಒರೆಸಿಕೊಂಡಳು. ಮೈದುನ ನಕ್ಕ. "ಸರಿ ಹೋಯ್ತಲ್ಲ, ಹತ್ರೋ ಮಕ್ಕಳೇ," ಅಂದ.

ನಾನೂ ನಗಬೇಕಿತ್ತು. ನಗು ಬರಲಿಲ್ಲ. ನನ್ನ ಕೈಯಲ್ಲಿ ಇದ್ದದ್ದು ಅವನು ಹಾಕದ ರಬ್ಬರು. ಹಾಕಿದ್ದು ಏನು? ಮೊಬೈಲಿಂದ ಬಂದದ್ದು. ಅವನು ಹೊಸದೆಂದ. ಚುಕ್ಕಿ ನೋಡಿದಾಗಲೂ ನಾನು ಹೊಸದೆಂದೇ ಅಂದುಕೊಂಡಿದ್ದೆ. ಗೋಡೆಯ ಮೇಲೆ ಕೂತು ಕಾಲಾಡಿಸುತ್ತಿದ್ದ ನನ್ನ ಮಗಳು ಇತ್ತಲೇ ನೋಡುತ್ತಿದ್ದಳು.

"ಯಾರೂ ಹತ್ತಬೇಡಿ," ಅಂದೆ. ಸೈಲೆನ್ಸರನ ಕಡೆ ತಿರುಗಿದೆ. ಇವನು ನನ್ನ ಮಕ್ಕಳನ್ನು ಉಳಿಸಿದವನಾಗಿದ್ದರೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. "ಬಿಚ್ಚು. ನಾನು ನೋಡ್ಬೇಕು."

"ಅತ್ತಿಗೆ!" ಅಂದ ಮೈದುನ.

ಸೈಲೆನ್ಸರ್ ನನ್ನನ್ನು ಒಂದು ಕ್ಷಣ ನೋಡಿದ. ಸಿಟ್ಟಿರಲಿಲ್ಲ. ಮೊಪೆಡ್ಡಿನ ಹಿಂದಿನ ಡಬ್ಬದಿಂದ ಸ್ಪ್ಯಾನರುಗಳನ್ನು ತಂದು ಬಟ್ಟೆ ಹಾಸಿದ. ಬಿಚ್ಚು ಎನ್ನುತ್ತೇನೆಂದು ಮೊದಲೇ ಊಹಿಸಿದ್ದನೋ ಏನೋ, ಬ್ರೇಕ್ ಎಣ್ಣೆಯ ಬಾಟಲಿಯೂ ಅದರಲ್ಲಿತ್ತು.

ಬೀದಿಯ ಬದಿಯಲ್ಲೇ ಬಿಚ್ಚಿದ. ಕೊಳವೆಯಿಂದ ಒಂದೊಂದಾಗಿ ರಬ್ಬರು ಹೊರಬಂತು. ನನ್ನ ಅಂಗೈ ಮೇಲಿಟ್ಟ. ನಾನು ಮೂಸಿದೆ. ಉಗುರು ಊರಿದೆ, ತಗ್ಗು ಬಿದ್ದು, ಹಾಗೇ ಮೇಲೆದ್ದು ಬಂತು. ಅಂಚು ಸವರಿದೆ, ಬಿರುಕಿಲ್ಲ. ಮಾಮನ ಮಗಳಿಗೆ ಕೊಟ್ಟೆ. ಅವಳೂ ಮೂಸಿದಳು, ಅಪ್ಪ ಮಾಡುವಂತೆಯೇ ಕಣ್ಣು ಕಿರಿದು ಮಾಡಿ.

"ಸರಿ," ಅಂದೆ. "ಹಾಕು."

ಹಾಕಿದ ಮೇಲೆ ಕೊಳವೆಯಲ್ಲಿ ಸಿಕ್ಕ ಗಾಳಿ ಹೊರಗೆ ಹೋಗಬೇಕು. ಅದಕ್ಕೆ ಒಬ್ಬರು ಪೆಡಲ್ಲು ತುಳಿಯುತ್ತಿರಬೇಕು. ನನ್ನ ಮಗಳು ಗೋಡೆಯಿಂದ ಜಿಗಿದು ಬಂದು ನನ್ನ ಸೀಟಿನಲ್ಲಿ ಕೂತಳು. ಸೈಲೆನ್ಸರ್ ಚಕ್ರದ ಹತ್ತಿರ ಮಲಗಿ, "ಒತ್ತು," "ಬಿಡು," ಅನ್ನುತ್ತಿದ್ದ. ಗೋಡೆಯ ಮೇಲಿನ ಮಕ್ಕಳೂ ರಾಗ ಎಳೆದು "ಒತ್ತೂ... ಬಿಡೂ..." ಎಂದು ಕೂಗತೊಡಗಿದವು. ತಡವಾಯಿತೆಂದು ತಾಯಂದಿರ ಫೋನುಗಳು ಶುರುವಾದವು. ಒಬ್ಬಳು, "ಏನಮ್ಮಾ, ಗಾಡಿ ಸರಿ ಇದೆ ತಾನೇ? ಯಾಕೋ ನಂಗೆ ಡೌಟು," ಅಂದಳು. ಡೌಟು ಒಳ್ಳೆಯದು, ಬಂದು ನೋಡಿ ಅಂದೆ. ತಮಾಷೆಗೆ ಅಂದದ್ದಲ್ಲ.

ಕೈ ಒರೆಸಿಕೊಳ್ಳುತ್ತ ಸೈಲೆನ್ಸರ್ ಎದ್ದ. "ನಾಳೆನೂ ಬಿಚ್ಚಬೇಕಾ?"

"ಹೇಳ್ತೀನಿ," ಅಂದೆ. ಅವನ ತುಟಿಯ ಮೂಲೆ ಸ್ವಲ್ಪ ಅಲ್ಲಾಡಿತು.

ಮಕ್ಕಳನ್ನೆಲ್ಲ ಅವರವರ ಬಾಗಿಲಿಗೆ ಮುಟ್ಟಿಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೀರಿನ ಟ್ಯಾಂಕಿನ ಹಿಂದಕ್ಕೆ ಹೋದೆ. ಮಾಮ ಮಂಚದ ತುದಿಯಲ್ಲಿ ಕೂತು ಕಾಯುತ್ತಿದ್ದ. ಅವನ ಮಗಳು ಆಗಲೇ ಇನ್ನೊಂದು ಕತ್ತರಿ ಹಿಡಿದು ಎದುರಿಗೆ ಕೂತಿದ್ದಳು. ಎರಡು ತಟ್ಟೆ, ನಡುವೆ ತಲೆಕೆಳಗಾದ ಡಬ್ಬಿಗಳ ರಾಶಿ.

ಹಸಿರು ಚುಕ್ಕಿಯ ಡಬ್ಬಿಯನ್ನು ಮಾಮನ ಕೈಗಿಟ್ಟೆ. "ಹಾಕಿರಲಿಲ್ಲ ಮಾಮ. ವಾಪಸ್ ತಂದಿದೀನಿ."

ಅವನು ಮುಚ್ಚಳ ತೆಗೆದ. ರಬ್ಬರನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ತಿರುಗಿಸಿದ. ಆಮೇಲೆ ನನ್ನನ್ನು ನೋಡಿದ.

"ಇದು ನಾನಿಟ್ಟಿದ್ದೇನಾ? ಬದಲಾಯಿಸಿಲ್ಲ ತಾನೇ?"

"ನೋಡ್ಕೋ ಮಾಮ," ಅಂದೆ.

ಅವನು ಉಗುರು ಊರಿ ನೋಡಿದ. ಮೂಸಿದ. ಮತ್ತೊಮ್ಮೆ ನೋಡಿದ. ಆಮೇಲೆ ಕತ್ತರಿ ಎತ್ತಿಕೊಂಡ.